ಜ್ಯೂಸು ಡಬ್ಬಿ ಬೇರೆ, ಮದ್ದಿನ ಪುಡಿ ಬೇರೆ ಸ್ವಾಮಿ!

ಬೈಯಪ್ಪನಹಳ್ಳಿ: ಹಾಲುಗೂಸಿಗೆ ಭೇದಿ ಹತ್ತಿಕೊಂಡರೆ ನಮ್ಮ ಕಡೆ ತಾಯಿ ಮೊದಲು ಓಡುವುದು ಡಾಕ್ಟರ ಬಳಿಗಲ್ಲ, ಬೀದಿ ಮೂಲೆಯ ಅಂಗಡಿಗೆ. ಆಸ್ಪತ್ರೆಗೆ ಹೋಗಬೇಕಾದರೆ ಚೀಟಿ ಮಾಡಿಸಬೇಕು, ಕ್ಯೂ ನಿಲ್ಲಬೇಕು, ಒಂದು ದಿನದ ಕೂಲಿ ಬಿಡಬೇಕು. ಅಂಗಡಿಯವರಾದರೆ ರಾತ್ರಿ ಹತ್ತಕ್ಕೂ ಸಿಗುತ್ತಾರೆ. ಹೀಗಾಗಿ ಕಾಯಿಲೆ ಮಗುವಿಗೆ ತಾಯಿಯೇ ನರ್ಸಮ್ಮ, ಅಂಗಡಿಯವರೇ ಕಂಪೌಂಡರು. ಇದು ಸರಿಯೋ ತಪ್ಪೋ ಆಮೇಲಿನ ಮಾತು. ಇರುವುದಂತೂ ಹೀಗೆ.

ಆದ್ದರಿಂದ ಈ ವಾರದ ಮಾತು ಅಂಗಡಿಯವರಿಗೇ. "ಓ.ಆರ್.ಎಸ್. ಕೊಡಿ" ಅಂತ ಕೇಳಿದ ತಾಯಿಗೆ ಇಷ್ಟು ವರ್ಷ ಏನು ಕೊಟ್ಟಿರಿ? ಎಷ್ಟೋ ಕಡೆ ಕೊಟ್ಟಿದ್ದು ಬಣ್ಣ ಬಣ್ಣದ ಜ್ಯೂಸು ಡಬ್ಬಿ. ಡಬ್ಬಿಯ ಮೇಲೆ ಓ.ಆರ್.ಎಸ್. ಅಂತ ದಪ್ಪ ಅಕ್ಷರ. 'ಇದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಓ.ಆರ್.ಎಸ್. ಅಲ್ಲ' ಎಂಬ ಸಾಲೂ ಅಲ್ಲೇ ಎಲ್ಲೋ, ಇಂಗ್ಲಿಷಿನಲ್ಲಿ! ಓದಲು ಬಾರದ ತಾಯಿಗೆ ಆ ಸಾಲಿನಿಂದ ಏನು ಬಂತು?

ಹೈದರಾಬಾದಿನ ಮಕ್ಕಳ ಡಾಕ್ಟರು ಶಿವರಂಜನಿ ಸಂತೋಷ್ ಎಂಬಾಕೆ ವರ್ಷಾನುಗಟ್ಟಲೆ ಇದರ ಮೇಲೆ ಕೂಗಾಡಿದ ಮೇಲೆ, 2025ರ ಅಕ್ಟೋಬರಿನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಕಣ್ಣು ಬಿಟ್ಟಿತು. ಸೂತ್ರದ ಪ್ರಕಾರ ಇಲ್ಲದ ಯಾವ ಪಾನೀಯಕ್ಕೂ ಓ.ಆರ್.ಎಸ್. ಎಂಬ ಹೆಸರು ಹಿಂದೂ ಇಲ್ಲ ಮುಂದೂ ಇಲ್ಲ ಎಂದು ಆಜ್ಞೆಯಾಯಿತು. ನವೆಂಬರಿನಲ್ಲಿ, ಅಂಗಡಿಗಳಿಂದ ಅಂಥ ಸರಕು ತೆಗೆಸಿ ಎಂದು ರಾಜ್ಯಗಳಿಗೂ ಸೂಚನೆ ಹೋಯಿತು. ಒಳ್ಳೆಯದಾಯಿತು. ಆದರೆ ಡಬ್ಬಿಯ ಹೆಸರು ಬದಲಾದೀತು, ಒಳಗಿನ ಸಕ್ಕರೆ ಬದಲಾಗುತ್ತದೆಯೇ? ಅಭ್ಯಾಸವಾದ ಕೈ ಅದೇ ಡಬ್ಬಿಗೆ ಹೋಗುವುದಿಲ್ಲವೇ?

ಸ್ವಲ್ಪ ಲೆಕ್ಕ ನೋಡಿ. ಅಸಲಿ ಪೊಟ್ಟಣದಲ್ಲಿ ಒಂದು ಲೀಟರ್ ನೀರಿಗೆ ಗ್ಲೂಕೋಸ್ 13.5 ಗ್ರಾಂ, ಉಪ್ಪು 2.6 ಗ್ರಾಂ, ಜೊತೆಗೆ ಇನ್ನೆರಡು ಲವಣ. ಮಾಮೂಲಿ ತಂಪು ಪಾನೀಯ, ಡಬ್ಬಿ ಜ್ಯೂಸುಗಳಲ್ಲಿ ಲೀಟರಿಗೆ ಸಕ್ಕರೆಯೇ 100 ಗ್ರಾಂ ಆಸುಪಾಸು. ಉಪ್ಪು ಹೆಸರಿಗಷ್ಟೆ. ಅಳತೆಯ ಗ್ಲೂಕೋಸ್ ಕರುಳಿನಲ್ಲಿ ಉಪ್ಪನ್ನೂ ನೀರನ್ನೂ ಒಳಕ್ಕೆ ಎಳೆದುಕೊಳ್ಳುತ್ತದೆ. ಸಕ್ಕರೆ ಅತಿಯಾದರೆ ಉಲ್ಟಾ. ಮೈಯಲ್ಲಿದ್ದ ನೀರೇ ಕರುಳಿಗಿಳಿದು ಭೇದಿ ಇನ್ನೂ ಜಾಸ್ತಿ. ಮಗುವನ್ನು ಒಣಗಿಸುವುದು ಭೇದಿಯಲ್ಲ ಸ್ವಾಮಿ, ನೀರಿನ ನಷ್ಟ.

ಈ ಪುಡಿಯೇನು ಸಾಮಾನ್ಯವೇ? 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾದಿಂದ ನೆಲದ ಮೇಲೇ ಸಾಯುತ್ತಿದ್ದರು. ನರಕ್ಕೆ ಹಾಕುವ ಸಲೈನ್ ಸಾಲದೆ ಬಂತು. ಡಾಕ್ಟರ್ ದಿಲೀಪ್ ಮಹಲನಬೀಸ್ ಅವರು ಉಪ್ಪು, ಸೋಡ, ಗ್ಲೂಕೋಸ್ ಅಳೆದು ಡ್ರಮ್ಮುಗಳಲ್ಲಿ ಕಲಸಿಟ್ಟರು. ಕುಡಿಸಿದವರು ಯಾರು? ರೋಗಿಗಳ ತಾಯಂದಿರು, ಅಣ್ಣ ತಮ್ಮಂದಿರು! ನೂರಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಆ ಮಹಾನುಭಾವ 2022ರಲ್ಲಿ ತೀರಿಕೊಂಡರು. ಪದ್ಮವಿಭೂಷಣ ಬಂದದ್ದು 2023ರಲ್ಲಿ, ಅವರು ಹೋದ ಮೇಲೆ!

ಇಂದು ಅದೇ ಬಂಗಾಳದಿಂದ, ಬಿಹಾರ, ಅಸ್ಸಾಮಿನಿಂದ ಕೂಸು ಕಂಕುಳಲ್ಲಿಟ್ಟುಕೊಂಡ ಕೂಲಿ ಸಂಸಾರಗಳು ನಮ್ಮ ವಿಶ್ವೇಶ್ವರಯ್ಯ ಟರ್ಮಿನಲ್ಲಿನಲ್ಲೇ ಇಳಿಯುತ್ತವೆ. ಎರಡು ದಿನದ ಪ್ರಯಾಣ, ಊರೂರ ನೀರು. ಇಳಿಯುವಾಗಲೇ ಮಗು ಬಾಡಿರುತ್ತದೆ. ಭಾಷೆ ಬರುವುದಿಲ್ಲ. ಬೆರಳು ತೋರಿಸಿದ್ದನ್ನು ಕೊಡುತ್ತೀರಿ. ಅವರು ತೋರಿಸುವುದು ಬಣ್ಣದ ಡಬ್ಬಿಯನ್ನೇ.

ಬಸ್ಸಿನಲ್ಲಿ ಕೂತು ಓದುತ್ತಿರುವವರೂ ಇಷ್ಟನ್ನು ನೆನಪಿಡಿ. ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ. ಸಣ್ಣ ಪೊಟ್ಟಣವಾದರೆ ಮೇಲೆ ಬರೆದಷ್ಟೇ ನೀರು. ಲೋಟಕ್ಕೆ ಚಿಟಿಕೆ ಚಿಟಿಕೆ ಹಾಕಿ ಅಂದಾಜು ಮಾಡಬೇಡಿ. ಕಲಸಿದ್ದು 24 ಗಂಟೆಯಾದರೆ ಚೆಲ್ಲಿ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿಯಾದಾಗ ಅರ್ಧ ಲೋಟದಷ್ಟು, ಚಮಚ ಚಮಚವಾಗಿ. ವಾಂತಿಯಾಯಿತಾ? ಹತ್ತು ನಿಮಿಷ ತಡೆದು ಮತ್ತೆ ನಿಧಾನಕ್ಕೆ ಕುಡಿಸಿ. ಎದೆಹಾಲು ನಿಲ್ಲಿಸಲೇಬೇಡಿ. "ಭೇದಿ ಮಗುವಿಗೆ ಹೊಟ್ಟೆ ಖಾಲಿ ಇರಲಿ" ಅನ್ನುವ ಅಜ್ಜಿಯ ಮಾತು ಬೇಡ. ಅನ್ನ ತಿನ್ನುವ ಮಗುವಾದರೆ ಗಂಜಿ, ಮೊಸರನ್ನ ಕೊಡಿ. ಜೊತೆಗೆ 14 ದಿನ ಝಿಂಕ್ ಮಾತ್ರೆ. ಎಷ್ಟು ಎಂದು ಆಶಾ ಕಾರ್ಯಕರ್ತೆ ಅಥವಾ ನರ್ಸಮ್ಮನನ್ನು ಕೇಳಿ.

ಆದರೆ ಕಣ್ಣು ಗುಳಿ ಬಿದ್ದರೆ, ಕುಡಿಯಲಾರದೆ ಮಗು ಜೋತು ಬಿದ್ದರೆ, ಭೇದಿಯಲ್ಲಿ ರಕ್ತ ಕಂಡರೆ, ಉಚ್ಚೆ ನಿಂತರೆ ಮನೆಮದ್ದು ಸಾಕು. ಇಂದಿರಾನಗರದ ಸಿ.ವಿ. ರಾಮನ್ ಆಸ್ಪತ್ರೆಗೋ ಶಿವಾಜಿನಗರದ ಬೌರಿಂಗಿಗೋ ಆಟೋ ಹತ್ತಿ, ದಾರಿಯುದ್ದಕ್ಕೂ ಕುಡಿಸುತ್ತಾ ಹೋಗಿ. ಎರಡು ತಿಂಗಳೊಳಗಿನ ಕೂಸಾದರೆ ಕಾಯುವುದೇ ಬೇಡ.

"ನಾವೇನು ಡಾಕ್ಟರಾ? ಕೇಳಿದ್ದು ಕೊಡ್ತೀವಿ" ಅನ್ನಬಹುದು ಅಂಗಡಿಯವರು. ವ್ಯಾಪಾರ ಮಾಡಬೇಡಿ ಅಂತ ಯಾರೂ ಹೇಳುತ್ತಿಲ್ಲ. ಜ್ಯೂಸು ಜ್ಯೂಸಿನ ಜಾಗದಲ್ಲಿರಲಿ. ಮಗುವಿಗೆ ಭೇದಿ ಎಂದು ಬಂದವರಿಗೆ "ಇದಲ್ಲಮ್ಮ, ಮೆಡಿಕಲ್ ಸ್ಟೋರಿನಲ್ಲಿ ಪುಡಿ ಪೊಟ್ಟಣ ಸಿಗುತ್ತೆ" ಅಂದರೆ ಗಲ್ಲಾಪೆಟ್ಟಿಗೆಗೆ ಆಗುವ ನಷ್ಟ ಒಂದು ಡಬ್ಬಿ. ಮೆಡಿಕಲ್ ಸ್ಟೋರಿನವರು ಪೊಟ್ಟಣವನ್ನು ಒಳಗಿನ ಡ್ರಾಯರಿನಿಂದ ತೆಗೆದು ಕಣ್ಣಿಗೆ ಬೀಳುವಲ್ಲಿ ಇಡಲಿ.

ಇನ್ನು ಪಾಲಿಕೆಯವರೂ ಆಹಾರ ಇನ್ಸ್‌ಪೆಕ್ಟರರೂ ಆಜ್ಞೆಯ ಕಾಗದ ಫೈಲಿಗೆ ಸೇರಿಸಿ ಸುಮ್ಮನಾಗುವುದು ಬೇಡ. ಹಳೆ ಮದ್ರಾಸ್ ರಸ್ತೆಯ ಅಂಗಡಿ ಸಾಲನ್ನು ಒಂದು ಸಲ ಸುತ್ತಿ ಬರಲಿ. ರೈಲ್ವೆ ಟರ್ಮಿನಲ್, ಮೆಟ್ರೋ ಬಾಗಿಲಲ್ಲಿ ಕನ್ನಡ, ಹಿಂದಿ, ಬಂಗಾಳಿಯಲ್ಲಿ ಚಿತ್ರ ಸಮೇತ ಒಂದೊಂದು ಬೋರ್ಡು ಹಾಕಿಸಲಿ. ಕೇಳಿದವರಿಗೆ ಅಲ್ಲೇ ಒಂದು ಪೊಟ್ಟಣ ಕೊಡುವ ಏರ್ಪಾಡೂ ಆಗಲಿ. ಬೋರ್ಡಿಗೆ ತಗಲುವ ಖರ್ಚು ದೊಡ್ಡದಲ್ಲ. ಮಳೆಗಾಲದ ಭೇದಿ ಶುರುವಾಗುವ ಮುಂಚೆ ಸಂಬಂಧಪಟ್ಟವರು ಇತ್ತ ಗಮನ ಹರಿಸುವರೆ?