"ಕನ್ನಡದಾಗ ಅಂಥಾ ಮಂತ್ರ ಇಲ್ಲಲ್ಲವ್ವಾ!"



ಹೋದ ಸಂಚಿಕೆಯ ಹಲಸಿನ ಬೀಜದ ಸಾರು ಹಲವರಿಗೆ ಹಿಡಿಸಿತೆಂದು ಬರೆದಿದ್ದೀರಿ, ಸಂತೋಷ. ಈ ಸಲ ಒಲೆಯ ಮುಂದಿನಿಂದ ಎದ್ದು ಸ್ವಲ್ಪ ಪಡಸಾಲೆಗೆ ಬನ್ನಿ. ಅಲ್ಲಿ ಟೀವಿ ಮುಂದೆ ಕೂತಿರುವ ನಮ್ಮ ಮಕ್ಕಳ ವಿಷಯ ಮಾತಾಡುವುದಿದೆ.

ನಮ್ಮ ಕುಳಗಿ ಕೆಲವರಿಗಾದರೂ ಗೊತ್ತಿದ್ದೀತು. ದಾಂಡೇಲಿಯಿಂದ ಅಂಬಿಕಾನಗರಕ್ಕೆ ಹೋಗುವ ದಾರಿಯಲ್ಲಿ, ಕಾಡಿನ ನಡುವಿನ ಊರು. ಅರಣ್ಯ ಇಲಾಖೆಯ ನಿಸರ್ಗ ಶಿಬಿರ ಇರುವುದು ಇಲ್ಲಿಯೇ. ಮಳೆಗಾಲದಲ್ಲಿ ತಂತಿ ಮೇಲೆ ಒಂದು ಮರ ಬಿತ್ತೆಂದರೆ ಊರಿಗೆ ಊರೇ ಕತ್ತಲೆ. ಕಳೆದ ಮಳೆಗಾಲದ ಅಂಥದೇ ಒಂದು ಸಂಜೆ ನಮ್ಮ ಅತ್ತೆಯವರು ಹಿತ್ತಲ ಮೆಟ್ಟಿಲ ಮೇಲೆ ಜಾರಿ ಬಿದ್ದರು. ಹಣೆ ಒಡೆದು ರಕ್ತ ಸುರಿಯುತ್ತಿತ್ತು. ಯಜಮಾನರು ಹಳಿಯಾಳಕ್ಕೆ ಹೋಗಿದ್ದರು. ಮೊಬೈಲಿನಲ್ಲಿ ಸಿಗ್ನಲ್ ಇಲ್ಲ. ನಾನೋ, ಗಾಯಕ್ಕೆ ಬಟ್ಟೆ ಒತ್ತಿ ಹಿಡಿದು ಕೂತಿದ್ದೆ, ಬಿಟ್ಟು ಏಳುವ ಹಾಗಿಲ್ಲ.

ಮನೆಯಲ್ಲಿ ಇದ್ದವನು ಒಂಬತ್ತು ವರ್ಷದ ಕಿರಿಯ ಮಗ ಒಬ್ಬನೇ. "ಬ್ಯಾಟರಿ ತಗೊಂಡು ಓಡಪ್ಪಾ, ತಿರುವಿನ ಮನಿ ಕಾಕಾನ್ನ ಕರಕೊಂಡು ಬಾ" ಅಂದೆ. ಕತ್ತಲಾದರೆ ಬಚ್ಚಲಿಗೂ ಒಬ್ಬನೇ ಹೋಗದ ಹುಡುಗ ಅವನು. ಹೊಸ್ತಿಲ ಮೇಲೆ ನಿಂತುಬಿಟ್ಟ. ಹೊರಗೆ ಧೋ ಎಂದು ಮಳೆ. ಎರಡು ಸಲ ನನ್ನ ಮುಖ ನೋಡಿದ. ಆಮೇಲೆ ಮುಷ್ಟಿ ಬಿಗಿದು, ಹಿಂದಿಯಲ್ಲಿ ಏನೋ ಗಟ್ಟಿಯಾಗಿ ಕೂಗಿ, ಓಡಿಯೇಬಿಟ್ಟ!

ಆ ಕಾಕಾ ತಮ್ಮ ಜೀಪಿನಲ್ಲಿ ಅತ್ತೆಯವರನ್ನು ದಾಂಡೇಲಿಗೆ ಒಯ್ದರು. ನಾಲ್ಕು ಹೊಲಿಗೆ ಬಿದ್ದವು, ದೇವರ ದಯೆ, ಈಗ ಆರಾಮಾಗಿದ್ದಾರೆ. ಮರುದಿನ ಮಗನಿಗೆ ತಲೆಗೆ ಎಣ್ಣೆ ಹಚ್ಚುತ್ತಾ ಕೇಳಿದೆ, "ನಿನ್ನೆ ಏನೋ ಒದರಿದೆಯಲ್ಲ, ಏನದು?"

"ಕಾರ್ಟೂನಿನ್ಯಾಗ ಹೀರೋ ರಾಕ್ಷಸನ ಮುಂದ ನಿಂತಾಗ ಹಂಗ ಒದರತಾನವ್ವಾ. ಒದರಿದ್ರ ಶಕ್ತಿ ಬರತದ."

"ಅದನ್ನ ಕನ್ನಡದಾಗ ಒದರಲಿಕ್ಕೆ ಬರೂದಿಲ್ಲೇನು?"

"ಕನ್ನಡದಾಗ ಅಂಥಾ ಮಂತ್ರ ಇಲ್ಲಲ್ಲವ್ವಾ!"

ನನ್ನ ಕೈ ಅಲ್ಲಿಯೇ ನಿಂತಿತು. ನಿಮ್ಮ ಮುಂದೆ ಮುಚ್ಚುಮರೆ ಯಾಕೆ? "ಹೊಡೆದಾಟದ ಕಾರ್ಟೂನು ನೋಡಬ್ಯಾಡ" ಎಂದು ದಿನಾ ರಿಮೋಟು ಕಸಿದುಕೊಳ್ಳುತ್ತಿದ್ದವಳು ನಾನೇ. ಆ ರಾತ್ರಿ ನನ್ನ ಮಗನನ್ನು ಹೊಸ್ತಿಲು ದಾಟಿಸಿದ್ದು ನಾನು ಕಸಿದುಕೊಳ್ಳುತ್ತಿದ್ದ ಕಾರ್ಟೂನು. ಅದರ ಮೇಲೆ ಅದು ಕನ್ನಡದ್ದೂ ಅಲ್ಲ.

ಅಂದಿನಿಂದ ಒಂದು ವಾರ ಸೊಪ್ಪು ಸೋಸುತ್ತಾ ಮಕ್ಕಳ ಜೊತೆ ನಾನೂ ಟೀವಿ ಮುಂದೆ ಕೂತೆ. ಕಂಡದ್ದೇನು ಗೊತ್ತೇ? ಬಹುಪಾಲು ಹಾಸ್ಯ. ಒಬ್ಬ ಬೀಳುತ್ತಾನೆ, ಇನ್ನೊಬ್ಬ ಅಟ್ಟಿಸಿಕೊಂಡು ಬರುತ್ತಾನೆ. 2012ರಲ್ಲಿ ಶುರುವಾದ ಮೋಟು ಪತ್ಲು ನೋಡಿ ನಾನೂ ನಕ್ಕಿದ್ದೇನೆ, ಸುಳ್ಳು ಹೇಳುವುದಿಲ್ಲ. ಹೈದರಾಬಾದಿನವರು ಮಾಡಿದ ಛೋಟಾ ಭೀಮ್ 2008ರಿಂದ ಲಾಡು ತಿಂದು ದುಷ್ಟರನ್ನು ಬಡಿಯುತ್ತಿದ್ದಾನೆ, ಅವನೂ ಇರಲಿ. ಆದರೆ ಮಾಯೆ, ದೂರದ ಪ್ರಯಾಣ, ಕಷ್ಟ, ಸೋಲು, ಮತ್ತೆ ಗೆಲುವು ಇರುವ ದೊಡ್ಡ ಕಥೆಗಳು ಬೆರಳೆಣಿಕೆಯಷ್ಟೇ. ಸಾಹಸದ ಜಪಾನೀ ಕಾರ್ಟೂನುಗಳಿಗೆಂದೇ 2004ರಲ್ಲಿ ಬಂದಿದ್ದ ಅನಿಮ್ಯಾಕ್ಸ್ ಎಂಬ ಚಾನೆಲ್ಲು ನಮ್ಮ ದೇಶದ ಟೀವಿಯಲ್ಲಿ 2017ಕ್ಕೆ ನಿಂತೇಹೋಯಿತು.

ಯಾಕೆ ಹೀಗೆ? ನನಗೆ ತೋಚುವುದು ಇಷ್ಟು. ಹಾಸ್ಯದ ಕಂತನ್ನು ಎಲ್ಲಿಂದ ಬೇಕಾದರೂ ತೋರಿಸಬಹುದು, ಹತ್ತು ಸಲ ತೋರಿಸಿದರೂ ಮಕ್ಕಳು ನಗುತ್ತಾರೆ. ಸಾಹಸದ ಕಥೆ ಹಾಗಲ್ಲ. ನಿನ್ನೆಯದು ನೋಡದಿದ್ದರೆ ಇವತ್ತಿನದು ತಿಳಿಯುವುದಿಲ್ಲ, ಯುದ್ಧ ಬರೆಯಲಿಕ್ಕೆ ಖರ್ಚೂ ಹೆಚ್ಚು. ಇನ್ನು ನಮ್ಮಂಥ ತಾಯಂದಿರ ಬೈಗುಳವೂ ಅದಕ್ಕೇ.

ಕನ್ನಡದ ಕಥೆಯಂತೂ ಬೇರೆಯೇ. ನಮ್ಮ ಕಲಾವಿದರ, ತಂತ್ರಜ್ಞರ ಅನ್ನಕ್ಕೆ ಕಲ್ಲು ಬೀಳಬಾರದೆಂದು 1960ರ ದಶಕದಿಂದ ಡಬ್ಬಿಂಗ್ ಬೇಡವೆಂದು ತಡೆದವರು ನಮ್ಮವರೇ. ಅವರ ಉದ್ದೇಶ ಕೆಟ್ಟದ್ದೆಂದು ನಾನು ಹೇಳಲಾರೆ. ಆದರೆ 2012ರಲ್ಲಿ ಅಮೀರ್ ಖಾನರ ಸತ್ಯಮೇವ ಜಯತೇ ಪಕ್ಕದ ರಾಜ್ಯದವರಿಗೆಲ್ಲ ಅವರವರ ಭಾಷೆಯಲ್ಲಿ ಬಂದರೂ ಕನ್ನಡದಲ್ಲಿ ಬರಲಿಲ್ಲ. ಮಕ್ಕಳಿಗೆಂದೇ ಕನ್ನಡದ ಚಾನೆಲ್ಲು, ಸನ್ ಸಂಸ್ಥೆಯ ಚಿಂಟು ಟೀವಿ, ಬಂದದ್ದು 2009ರಲ್ಲಿ. ಕಾರ್ಟೂನ್ ನೆಟ್‌ವರ್ಕ್ ನಮ್ಮ ದೇಶಕ್ಕೆ 1995ರಲ್ಲೇ ಬಂದಿತ್ತು. ಅಂದರೆ ಹದಿನಾಲ್ಕು ವರ್ಷ ತಡ! ಡಬ್ಬಿಂಗ್ ತಡೆಯುವುದು ಸರಿಯಲ್ಲವೆಂದು ಸ್ಪರ್ಧಾ ಆಯೋಗ ತೀರ್ಪು ಕೊಟ್ಟದ್ದು 2015ರಲ್ಲಿ. 2020ರ ಲಾಕ್‌ಡೌನಿನಲ್ಲಿ ಹಿಂದಿಯ ಮಹಾಭಾರತ ಧಾರಾವಾಹಿ ಕನ್ನಡ ಮಾತಾಡಿದಾಗ ನಮ್ಮ ಮನೆಯಲ್ಲಿ ಊಟದ ಹೊತ್ತೇ ಬದಲಾಗಿತ್ತು. ಮಕ್ಕಳು ಎಷ್ಟು ಹಸಿದಿದ್ದರು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ನಮ್ಮ ಕಾಲ ನೆನಪಿದೆಯೇ? ಟೀವಿ ಇಲ್ಲದ ಮನೆಯಲ್ಲೂ ಚಂದಮಾಮದ ಬೇತಾಳ ಇದ್ದ, ಬಾಲಮಂಗಳದ ಡಿಂಗ ಇದ್ದ. 1993ರಲ್ಲಿ ನಾನು ತವರುಮನೆ ಹಳಿಯಾಳದಲ್ಲಿ ಶಾಲೆ ಓದುತ್ತಿದ್ದೆ. ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ಮೋಗ್ಲಿಯ ಜಂಗಲ್ ಬುಕ್ ನೋಡಲು ಓಣಿಯ ಮಕ್ಕಳೆಲ್ಲ ಒಂದೇ ಮನೆಯಲ್ಲಿ ಸೇರುತ್ತಿದ್ದೆವು. ಅದರ ಬಘೀರಾ ಒಂದು ಕರಿ ಚಿರತೆ. ದಾಂಡೇಲಿ ಕಾಡೆಂದರೆ ಕರಿ ಚಿರತೆಗೇ ಹೆಸರುವಾಸಿ, ನೋಡಿ. ನಮ್ಮ ಹಿತ್ತಲಿನ ಪ್ರಾಣಿಯನ್ನು ಜಪಾನಿನವರು ಚಿತ್ರ ಬರೆದರು, ಮಾತು ಹಿಂದಿಯದು. ಕನ್ನಡದಲ್ಲಿ ಅದು ಗರ್ಜಿಸಲೇ ಇಲ್ಲ. ನಮ್ಮವರಿಗೆ ಕೈಲಾಗದೆಂದಲ್ಲ. 1967ರಲ್ಲಿ ಅಮರ ಚಿತ್ರಕಥೆ ಹೊರತಂದ ಅನಂತ ಪೈಯವರು ಹುಟ್ಟಿದ್ದು ನಮ್ಮ ಕಾರ್ಕಳದಲ್ಲೇ.

"ಹೊಡೆದಾಟ ನೋಡಿದರೆ ಮಕ್ಕಳು ಕೆಡುವುದಿಲ್ಲವೇ?" ಎಂದು ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ 2008ರಲ್ಲಿ ಸರಕಾರ ಒಮ್ಮೆ ನಿಲ್ಲಿಸಿದ್ದು ಯಾವ ಕಾರ್ಟೂನನ್ನು? ಯುದ್ಧದ್ದಲ್ಲ, ದೊಡ್ಡವರಿಗೆ ಎದುರಾಡುವ ತುಂಟ ಶಿಂಚಾನ್‌ನದು. ಕೆಡಿಸುವುದು ಕತ್ತಿಯೊಂದೇ ಅಲ್ಲ, ನಡತೆಯೂ ಕೆಡಿಸುತ್ತದೆ. ಯಾರಿಗಾಗಿ ಹೊಡೆದ, ಹೊಡೆದ ಮೇಲೆ ಏನು ಮಾಡಿದ, ಅದನ್ನು ನೋಡಬೇಕು. ಯಕ್ಷಗಾನದಲ್ಲಿ ರಾಕ್ಷಸ ಆರ್ಭಟಿಸುತ್ತಾ ಬರುವಾಗ ತಾಯಿಯ ಸೆರಗು ಹಿಡಿದು ನೋಡಿದ ಮಕ್ಕಳೇನು ಕೆಟ್ಟುಹೋದರೇ?

ಇನ್ನು, ನಾವು ಏನು ಮಾಡಬಹುದು? ನಾನು ಮಾಡಿ ನೋಡಿದ್ದನ್ನು ಹೇಳುತ್ತೇನೆ.

ಮೊದಲು ರಿಮೋಟಿನ ಭಾಷೆಯ ಗುಂಡಿ ಒತ್ತಿ ನೋಡಿ. ಕೆಲವು ಮಕ್ಕಳ ಚಾನೆಲ್ಲುಗಳಲ್ಲಿ ಕನ್ನಡ ಧ್ವನಿಯೂ ಇರುತ್ತದೆ, ನಮಗೇ ಗೊತ್ತಿರುವುದಿಲ್ಲ. 2021ರಲ್ಲಿ ಬಂದ ಈಟೀವಿ ಬಾಲ ಭಾರತದಂಥವು ಕನ್ನಡದಲ್ಲೂ ಬಂದಿವೆ. ಇದ್ದುದನ್ನು ನಾವು ನೋಡಿದರೆ ತಾನೇ ಇನ್ನಷ್ಟು ಮಾಡುವ ಧೈರ್ಯ ಅವರಿಗೆ ಬರುವುದು? ದಿನಕ್ಕೆ ಒಂದು ಕಂತು ಮಗುವಿನ ಜೊತೆ ಕೂತು ನೋಡಿ, ಮುಗಿದ ಮೇಲೆ "ನೀನಾಗಿದ್ದರೆ ಏನು ಮಾಡ್ತಿದ್ದಿ?" ಎಂದು ಕೇಳಿ.

ಎರಡನೆಯದು, ಮನೆಯ ಪೆಟ್ಟಿಗೆ ಸಿನಿಮಾ. ಸೋಪಿನ ರಟ್ಟಿನ ಪೆಟ್ಟಿಗೆಯ ಒಂದು ಮೈಯನ್ನು ಕಿಟಕಿಯಂತೆ ಕತ್ತರಿಸಿ. ಕಿಟಕಿಯ ಎರಡೂ ಬದಿಗೆ ಒಂದೊಂದು ಬಿದಿರು ಕೋಲು ನಿಲ್ಲಿಸಿ, ತುದಿ ಪೆಟ್ಟಿಗೆಯ ಮೇಲೆ ಹೊರಗೆ ಬರಲಿ. ತೆಳ್ಳನೆಯ ಬಿಳಿ ಹಾಳೆಗಳನ್ನು ಉದ್ದಕ್ಕೆ ಅಂಟಿಸಿ, ಮಕ್ಕಳಿಂದಲೇ ಒಂದರ ಪಕ್ಕ ಒಂದು ಚಿತ್ರ ಬರೆಸಿ, ಎರಡೂ ಕೊನೆಗಳನ್ನು ಕೋಲುಗಳಿಗೆ ಸುತ್ತಿ. ಹಿಂದಿನಿಂದ ಬ್ಯಾಟರಿ ಬೆಳಕು ಬಿಟ್ಟು ಕೋಲು ತಿರುಗಿಸುತ್ತಾ ಹೋದರೆ ಚಿತ್ರ ಓಡುತ್ತದೆ. ಕಥೆ ಹೇಳುವುದು ಅಜ್ಜಿಯ ಪಾಲು. ನಮ್ಮಲ್ಲಿ ಮೊದಲು ಬಂದದ್ದು ಬಬ್ರುವಾಹನ, ಆಮೇಲೆ ಸಂಗೊಳ್ಳಿ ರಾಯಣ್ಣ. ರಾಯಣ್ಣನನ್ನು 1831ರಲ್ಲಿ ಗಲ್ಲಿಗೇರಿಸಿದ ನಂದಗಡ ಹಳಿಯಾಳದಿಂದ ದೂರವೇನಲ್ಲ. ಆ ಊರ ಹೆಸರು ಕೇಳಿದ್ದೇ ಹುಡುಗರ ಕಣ್ಣು ಅರಳಿತು.

ಈಗ ಮೂರನೆಯ ಚಿತ್ರ ತಯಾರಾಗುತ್ತಿದೆ. ಕಾಳಿ ನದಿಯ ದಂಡೆಯ ಒಂದು ಕರಿ ಚಿರತೆ, ಅದರ ಬೆನ್ನ ಮೇಲೆ ಬ್ಯಾಟರಿ ಹಿಡಿದ ಹುಡುಗ, ಎದುರಿಗೆ ಕತ್ತಲೆ ರಾಕ್ಷಸ. ಹುಡುಗ ಏನೆಂದು ಒದರಬೇಕು ಎನ್ನುವುದಕ್ಕೆ ಮಾತ್ರ ಅಣ್ಣತಮ್ಮಂದಿರಲ್ಲಿ ಜಗಳ ನಡೆದಿದೆ. ಅತ್ತೆಯವರು ಹೇಳಿಕೊಟ್ಟ ಎರಡು ಮಾತನ್ನೂ "ಜೋರಿಲ್ಲ ಆಯೀ" ಎಂದು ತಳ್ಳಿಹಾಕಿದ್ದಾರೆ.

ನಿಮ್ಮ ಮಕ್ಕಳಿಗೇನಾದರೂ ಹೊಳೆದರೆ ಒಂದು ಕಾರ್ಡು ಬರೆಯಿರಿ. ನಮ್ಮ ಮನೆಯಲ್ಲಿ ಕಾಯುತ್ತಿದ್ದಾರೆ.