ಅಳಿಸಲಾಗದ ಆಟ

ಆಟವೆಂದರೆ ಬಿಡುವಿನ ವೇಳೆಯನ್ನು ಕಳೆಯುವ ಒಂದು ವಿನೋದವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಬಿಡುವು ಎಂಬುದೇ ಎಲ್ಲರಿಗೂ ಸಮನಾಗಿ ದೊರೆಯುವ ವಸ್ತುವಲ್ಲ. ಉಳ್ಳವನಿಗೆ ಬಿಡುವು ತಾನಾಗಿಯೇ ಒದಗುತ್ತದೆ; ದುಡಿದು ಉಣ್ಣುವವನು ಅದನ್ನು ತನ್ನ ಕೂಲಿಯನ್ನು ತೆತ್ತು ಪಡೆಯಬೇಕಾಗುತ್ತದೆ. ಆದ್ದರಿಂದ ‘ಆಡುವ ಹಕ್ಕು ಯಾರದು?’ ಎಂಬ ಪ್ರಶ್ನೆ ಮೇಲುನೋಟಕ್ಕೆ ಕಾಣುವಷ್ಟು ಸಣ್ಣದಲ್ಲ. 1954ರಲ್ಲಿ ಫ್ರಾನ್ಸ್ ದೇಶದಲ್ಲಿ ನಡೆದ ರಗ್ಬಿ ಲೀಗ್ ಆಟದ ಪ್ರಥಮ ವಿಶ್ವಕಪ್ ಪಂದ್ಯಾವಳಿಯು ಈ ಪ್ರಶ್ನೆಗೆ ದೊರೆತ ಒಂದು ಉತ್ತರವೆಂದು ನನ್ನ ಅಭಿಪ್ರಾಯ. ಅದರಲ್ಲಿ ಭಾಗವಹಿಸಿದುದು ನಾಲ್ಕೇ ತಂಡಗಳು. ಆದರೂ ಅದನ್ನು ಚಿಕ್ಕ ಪಂದ್ಯಾವಳಿಯೆಂದು ಕರೆಯಲು ನನಗೆ ಮನಸ್ಸು ಬಾರದು. ಅದೇಕೆಂದು ತಿಳಿಯಬೇಕಾದರೆ ಆ ಆಟ ಹುಟ್ಟಿದ ಬಗೆಯನ್ನು ಮೊದಲು ಅರಿಯಬೇಕು.

ರಗ್ಬಿಯು ಇಂಗ್ಲೆಂಡಿನಲ್ಲಿ ಹುಟ್ಟಿದ ಆಟ. ಮೊಟ್ಟೆಯಾಕಾರದ ಚೆಂಡನ್ನು ಎದೆಗವಚಿಕೊಂಡು ಓಡಿ, ಎದುರಾಳಿಗಳ ಗೆರೆಯನ್ನು ದಾಟಿ, ಅದನ್ನು ನೆಲಕ್ಕೆ ಮುಟ್ಟಿಸುವುದೇ ಅದರ ಮುಖ್ಯ ಗುರಿ. ಕೈಯಿಂದ ಚೆಂಡನ್ನು ಮುಂದಕ್ಕೆ ಎಸೆಯುವಂತಿಲ್ಲ. ಪಕ್ಕಕ್ಕೋ ಹಿಂದಕ್ಕೋ ಎಸೆಯಬೇಕು. ಚೆಂಡು ಹಿಡಿದು ಓಡುವವನನ್ನು ಎದುರಾಳಿಗಳು ತಬ್ಬಿ ಕೆಡವುತ್ತಾರೆ. ಕಬಡ್ಡಿಯ ಹಿಡಿತವನ್ನು ಬಲ್ಲವರಿಗೆ ಈ ಸೆಣಸಾಟ ತೀರ ಅಪರಿಚಿತವೆನಿಸದು.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಆಟ ಸಿರಿವಂತರ ಮಕ್ಕಳು ಕಲಿಯುತ್ತಿದ್ದ ಶಾಲೆಗಳಿಂದ ಹೊರಬಂದು ಉತ್ತರ ಇಂಗ್ಲೆಂಡಿನ ಕೈಗಾರಿಕಾ ಪಟ್ಟಣಗಳನ್ನು ಸೇರಿತು. ಯಾರ್ಕ್‌ಷೈರ್, ಲ್ಯಾಂಕಾಷೈರ್ ಪ್ರಾಂತಗಳ ಗಣಿಗಳಲ್ಲಿ ಕಲ್ಲಿದ್ದಲು ತೆಗೆಯುವವರು, ಗಿರಣಿಗಳಲ್ಲಿ ಬಟ್ಟೆ ನೇಯುವವರು ಅದನ್ನು ಪ್ರೀತಿಯಿಂದ ಆಡತೊಡಗಿದರು. ಆದರೆ ಪಂದ್ಯಗಳು ನಡೆಯುತ್ತಿದ್ದುದು ಶನಿವಾರ. ಅಂದು ಕಾರ್ಮಿಕರಿಗೆ ಅರ್ಧ ದಿನದ ಕೆಲಸವಿರುತ್ತಿತ್ತು. ದೂರದ ಊರಿನಲ್ಲಿ ಪಂದ್ಯವಿದ್ದರೆ ಕೆಲಸವನ್ನು ಬಿಡಬೇಕು. ಕೆಲಸ ಬಿಟ್ಟರೆ ಕೂಲಿಯಿಲ್ಲ. ಹೀಗೆ ಕಳೆದುಹೋದ ಕೂಲಿಯನ್ನಷ್ಟೇ ಆಟಗಾರರಿಗೆ ತುಂಬಿಕೊಡಲು ಅನುಮತಿ ನೀಡಬೇಕೆಂದು ಉತ್ತರದ ಸಂಘಗಳು ಬೇಡಿದವು. 1893ರಲ್ಲಿ ರಗ್ಬಿಯ ಆಡಳಿತ ಮಂಡಲಿಯ ಸಭೆಯು ಈ ಬೇಡಿಕೆಯನ್ನು ತಿರಸ್ಕರಿಸಿತು. ಕೊನೆಗೆ 1895ರ ಆಗಸ್ಟ್ 29ರಂದು ಇಪ್ಪತ್ತಕ್ಕೂ ಹೆಚ್ಚು ಸಂಘಗಳ ಪ್ರತಿನಿಧಿಗಳು ಹಡರ್ಸ್‌ಫೀಲ್ಡ್ ಪಟ್ಟಣದ ಜಾರ್ಜ್ ಹೋಟೆಲಿನಲ್ಲಿ ಸಭೆ ಸೇರಿ ತಮ್ಮದೇ ಆದ ಪ್ರತ್ಯೇಕ ಒಕ್ಕೂಟವನ್ನು ಕಟ್ಟಿಕೊಂಡರು. ಮುಂದೆ ಅವರು ಆಟದ ನಿಯಮಗಳನ್ನು ಬದಲಿಸಿದರು. 1906ರಲ್ಲಿ ತಂಡದ ಆಟಗಾರರ ಸಂಖ್ಯೆಯನ್ನು ಹದಿನೈದರಿಂದ ಹದಿಮೂರಕ್ಕೆ ಇಳಿಸಿದರು. ಅದೇ ರಗ್ಬಿ ಲೀಗ್. ಹದಿನೈದು ಜನರ ಹಳೆಯ ಆಟಕ್ಕೆ ರಗ್ಬಿ ಯೂನಿಯನ್ ಎಂಬ ಹೆಸರು ನಿಂತಿತು.

ಹಣದ ಆಸೆಯಿಲ್ಲದೆ, ಆಟವನ್ನು ಆಟಕ್ಕಾಗಿಯೇ ಆಡಬೇಕೆಂಬುದು ಹಳೆಯ ಆಡಳಿತಗಾರರ ವಾದವಾಗಿತ್ತು. ಈ ಆದರ್ಶ ಉದಾತ್ತವಾದುದೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಹಣವೇ ಪ್ರಧಾನವಾದ ಕಡೆ ಆಟದ ಸೊಗಸು ಕೆಡುವುದುಂಟು. ಆದರೆ ಹೊಟ್ಟೆ ತುಂಬಿದವನು ಹಸಿದವನಿಗೆ ಉಪವಾಸದ ಮಹಿಮೆಯನ್ನು ಬೋಧಿಸಿದರೆ ಅದು ಧರ್ಮವಾಗಲಾರದು. ಗಣಿಯ ಕಾರ್ಮಿಕ ಕೇಳಿದುದು ಆಟದ ಬೆಲೆಯನ್ನಲ್ಲ, ಕಳೆದ ಕೂಲಿಯನ್ನು. ಹೊಸ ಒಕ್ಕೂಟವು ಮೊದಲಿಗೆ ಗೊತ್ತುಪಡಿಸಿದ್ದು ದಿನವೊಂದಕ್ಕೆ ಆರು ಶಿಲಿಂಗುಗಳ ಪರಿಹಾರವನ್ನು ಮಾತ್ರ. ಈ ಅಲ್ಪ ಮೊತ್ತಕ್ಕಾಗಿ ರಗ್ಬಿ ಎರಡು ಹೋಳಾಯಿತು. ಅಷ್ಟೇ ಅಲ್ಲ, ಲೀಗಿನ ಅಂಗಣಕ್ಕೆ ಹೋದವನಿಗೆ ಯೂನಿಯನ್ನಿನ ಬಾಗಿಲು ಜೀವಮಾನವಿಡೀ ಮುಚ್ಚಿಹೋಗುತ್ತಿತ್ತು.

ಫ್ರಾನ್ಸಿನಲ್ಲಿ ಈ ಆಟ ಕಾಲಿಟ್ಟದ್ದು 1934ರಲ್ಲಿ. ಝಾನ್ ಗಾಲಿಯಾ ಎಂಬ ಆಟಗಾರನ ಸಾಹಸದಿಂದ ಅದು ದಕ್ಷಿಣ ಫ್ರಾನ್ಸಿನ ಪಟ್ಟಣಗಳಲ್ಲಿ ಬೇಗನೆ ಬೇರೂರಿತು. ಐದೇ ವರ್ಷಗಳಲ್ಲಿ, ಅಂದರೆ 1939ರಲ್ಲಿ, ಫ್ರಾನ್ಸಿನ ತಂಡವು ಇಂಗ್ಲೆಂಡ್ ಮತ್ತು ವೇಲ್ಸ್ ತಂಡಗಳೆರಡನ್ನೂ ಸೋಲಿಸಿತು. ಆದರೆ ಅದೇ ವರ್ಷ ಎರಡನೆಯ ಮಹಾಯುದ್ಧ ಆರಂಭವಾಯಿತು. 1940ರಲ್ಲಿ ಫ್ರಾನ್ಸ್ ಜರ್ಮನಿಗೆ ಶರಣಾಯಿತು. ಮಾರ್ಷಲ್ ಪೆತೇನ್ ಅವರ ನೇತೃತ್ವದಲ್ಲಿ ವಿಶಿ ಎಂಬ ಪಟ್ಟಣವನ್ನು ಕೇಂದ್ರವಾಗಿಟ್ಟುಕೊಂಡ ಸರ್ಕಾರವೊಂದು ಅಧಿಕಾರಕ್ಕೆ ಬಂದಿತು. ಹಣ ಪಡೆದು ಆಡುವುದು ಯುವಜನರ ಶೀಲವನ್ನು ಕೆಡಿಸುತ್ತದೆಂಬ ನೆಪವನ್ನು ಮುಂದೊಡ್ಡಿ ಆ ಸರ್ಕಾರ 1941ರ ಡಿಸೆಂಬರಿನಲ್ಲಿ ಒಂದು ಆಜ್ಞೆಯನ್ನು ಹೊರಡಿಸಿತು. ರಗ್ಬಿ ಲೀಗಿನ ಒಕ್ಕೂಟವನ್ನು ವಿಸರ್ಜಿಸಲಾಯಿತು. ಅದರ ನಿಧಿಯನ್ನೂ ಆಸ್ತಿಯನ್ನೂ ಮುಟ್ಟುಗೋಲು ಹಾಕಿಕೊಳ್ಳಲಾಯಿತು. ಹಿಂದೆ ಇಂಗ್ಲೆಂಡಿನಲ್ಲಿ ಸಭೆಯ ಮತದಿಂದ ಆಗಿದ್ದ ತಿರಸ್ಕಾರ ಇಲ್ಲಿ ರಾಜಾಜ್ಞೆಯ ರೂಪವನ್ನು ತಾಳಿತು. ದೇಶವೇ ಪರರ ವಶವಾಗಿರುವಾಗ ಒಂದು ಆಟದ ಮೇಲೆ ಇಷ್ಟೊಂದು ಕೋಪವೇಕೆ ಎಂದು ನಮಗೆ ಅಚ್ಚರಿಯಾಗಬಹುದು. ಪ್ರಜೆಗಳ ಬಾಳನ್ನೆಲ್ಲ ತನ್ನ ಅಚ್ಚಿನಲ್ಲೇ ಎರಕ ಹೊಯ್ಯಬಯಸುವ ಆಳ್ವಿಕೆಗೆ ಅವರ ಆಟವೂ ಸಣ್ಣ ವಿಷಯವಾಗಿ ತೋರುವುದಿಲ್ಲವೆಂಬುದೇ ಅದಕ್ಕೆ ಉತ್ತರ.

ಆಜ್ಞೆಯಿಂದ ಒಕ್ಕೂಟ ಅಳಿಯಿತೇ ಹೊರತು ಆಟದ ಮೇಲಣ ಪ್ರೀತಿ ಅಳಿಯಲಿಲ್ಲ. 1944ರಲ್ಲಿ ಫ್ರಾನ್ಸ್ ಬಿಡುಗಡೆ ಹೊಂದಿದೊಡನೆ ಆಟಗಾರರು ಮತ್ತೆ ಒಂದುಗೂಡಿದರು. ಕಳೆದುಕೊಂಡ ಆಸ್ತಿ ಅವರಿಗೆ ಮರಳಿ ಬರಲಿಲ್ಲ. ಅದಕ್ಕಿಂತ ವಿಚಿತ್ರವಾದ ಸಂಗತಿ ಇನ್ನೊಂದುಂಟು: ತಮ್ಮ ಆಟವನ್ನು ‘ರಗ್ಬಿ’ ಎಂದು ಕರೆಯುವ ಸ್ವಾತಂತ್ರ್ಯವೂ ಅವರಿಗೆ ಇರಲಿಲ್ಲ, ‘ಹದಿಮೂರರ ಆಟ’ ಎಂದಷ್ಟೇ ಕರೆಯಬೇಕಾಗಿತ್ತು. ಈ ನಿರ್ಬಂಧ ತೊಲಗಿದುದು 1991ರಲ್ಲಿ. ಹೆಸರಿಲ್ಲದಿದ್ದರೂ ಅವರ ಉತ್ಸಾಹ ಕುಂದಲಿಲ್ಲ. 1951ರಲ್ಲಿ ಆಸ್ಟ್ರೇಲಿಯಕ್ಕೆ ಹೋದ ಫ್ರೆಂಚ್ ತಂಡವು ನಾಯಕ ಪ್ವಿಗ್-ಓಬೇರ್ ಅವರ ಅಮೋಘ ಒದೆತಗಳ ಬಲದಿಂದ ಆ ನೆಲದಲ್ಲೇ ಸರಣಿಯನ್ನು ಗೆದ್ದು ಬಂದಿತು.

ಈ ಪುನರುತ್ಥಾನದ ಹಿಂದೆ ಪಾಲ್ ಬಾರಿಯೇರ್ ಎಂಬ ತರುಣರ ಶ್ರಮವಿತ್ತು. ಯುದ್ಧಕಾಲದಲ್ಲಿ ಅವರು ಜರ್ಮನರ ವಿರುದ್ಧದ ಗುಪ್ತ ಹೋರಾಟದಲ್ಲಿ ಪಾಲುಗೊಂಡಿದ್ದವರು. ಇನ್ನೂ ಮೂವತ್ತು ತುಂಬುವ ಮೊದಲೇ, 1947ರಲ್ಲಿ, ಫ್ರೆಂಚ್ ಒಕ್ಕೂಟದ ಅಧ್ಯಕ್ಷರಾದರು. ಈ ಆಟಕ್ಕೆ ಒಂದು ವಿಶ್ವಕಪ್ ಬೇಕೆಂದು ಪಟ್ಟುಹಿಡಿದು ಉಳಿದ ದೇಶಗಳನ್ನು ಒಪ್ಪಿಸಿದವರೂ, ವಿಜೇತರಿಗೆ ಕೊಡುವ ಕಪ್ಪನ್ನು ದಾನವಾಗಿ ನೀಡಿದವರೂ ಅವರೇ. ಹೀಗೆ 1954ರ ಅಕ್ಟೋಬರ್ 30ರಂದು, ಆಟವನ್ನು ನಿಷೇಧಿಸಿ ಹದಿಮೂರು ವರ್ಷಗಳು ತುಂಬುವ ಮುನ್ನವೇ, ಅದೇ ಫ್ರಾನ್ಸಿನಲ್ಲಿ ಪಂದ್ಯಾವಳಿ ಆರಂಭವಾಯಿತು. ರಗ್ಬಿಯ ಯಾವ ಪ್ರಕಾರಕ್ಕಾದರೂ ಇದೇ ಮೊದಲ ವಿಶ್ವಕಪ್; ರಗ್ಬಿ ಯೂನಿಯನ್ ತನ್ನ ವಿಶ್ವಕಪ್ ನಡೆಸಿದುದು 1987ರಲ್ಲಿ.

ಫ್ರಾನ್ಸ್, ಗ್ರೇಟ್ ಬ್ರಿಟನ್, ಆಸ್ಟ್ರೇಲಿಯ, ನ್ಯೂಜಿಲೆಂಡ್ — ಇವು ಭಾಗವಹಿಸಿದ ತಂಡಗಳು. ಬ್ರಿಟನ್ನಿನ ಮೇಲೆ ಯಾರಿಗೂ ಹೆಚ್ಚಿನ ಭರವಸೆಯಿರಲಿಲ್ಲ. ಅದೇ ವರ್ಷದ ದೀರ್ಘ ಆಸ್ಟ್ರೇಲಿಯ ಪ್ರವಾಸದಿಂದ ಮರಳಿದ್ದ ಅದರ ಅನೇಕ ಹೆಸರಾಂತ ಆಟಗಾರರು ಈ ಪಂದ್ಯಾವಳಿಗೆ ಬರಲಿಲ್ಲ. ಅವರ ಸ್ಥಾನದಲ್ಲಿ ಹೊಸಬರು ನಿಂತರು. ನಾಯಕರಾಗಿದ್ದವರು ಡೇವ್ ವ್ಯಾಲೆಂಟೈನ್. ಇವರು ಸ್ಕಾಟ್ಲೆಂಡಿನ ಹಾವಿಕ್ ಎಂಬ ಊರಿನವರು. ಸ್ಕಾಟ್ಲೆಂಡಿನ ಪರವಾಗಿ ಯೂನಿಯನ್ ಆಡಿ, ಅನಂತರ ಹಡರ್ಸ್‌ಫೀಲ್ಡಿಗೆ ಬಂದು ಲೀಗ್ ಸೇರಿ, ಹಳೆಯ ಆಟಕ್ಕೆ ಹೊರಗಿನವರಾದವರು. ಅವರ ತಂಡ ಆಸ್ಟ್ರೇಲಿಯವನ್ನು 28-13ರಿಂದ ಸೋಲಿಸಿ ಎಲ್ಲರನ್ನೂ ಬೆರಗುಗೊಳಿಸಿತು. ಟುಲೂಸ್ ನಗರದಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ 13-13ರಿಂದ ಸಮಸಮವಾದವು. ಎರಡೂ ತಂಡಗಳು ಉಳಿದ ಪಂದ್ಯಗಳನ್ನು ಗೆದ್ದು ಸಮಾನ ಅಂಕಗಳನ್ನು ಪಡೆದುದರಿಂದ, ನವೆಂಬರ್ 13ರಂದು ಪ್ಯಾರಿಸ್ಸಿನ ಪಾರ್ಕ್ ದೇ ಪ್ರಾನ್ಸ್ ಕ್ರೀಡಾಂಗಣದಲ್ಲಿ ಮತ್ತೊಮ್ಮೆ ಎದುರುಬದುರಾದವು. ಮೂವತ್ತು ಸಾವಿರಕ್ಕೂ ಮಿಕ್ಕಿದ ಪ್ರೇಕ್ಷಕರ ಮುಂದೆ ಬ್ರಿಟನ್ 16-12ರಿಂದ ಗೆದ್ದಿತು.

ಆತಿಥೇಯರು ಸೋತರು, ಹಾಗಾದರೆ ಬಾರಿಯೇರ್ ಅವರ ಶ್ರಮ ವ್ಯರ್ಥವಾಯಿತೇ? ನನಗೆ ಹಾಗೆ ತೋರುವುದಿಲ್ಲ. ಆ ದಿನ ಅಂಗಣಕ್ಕಿಳಿದ ಇಪ್ಪತ್ತಾರು ಮಂದಿಯೂ ‘ನಿಮಗೆ ಇಲ್ಲಿ ಸ್ಥಳವಿಲ್ಲ’ ಎಂಬ ಮಾತನ್ನು ಕೇಳಿದ ಪರಂಪರೆಯೊಂದರ ವಾರಸುದಾರರು. ಒಂದು ಕಡೆ ಕೂಲಿ ಕೇಳಿ ಹೊರದೂಡಲ್ಪಟ್ಟ ಗಣಿ ಗಿರಣಿಗಳವರ ಆಟ. ಇನ್ನೊಂದು ಕಡೆ ಆಜ್ಞೆಯಿಂದ ಅಳಿಸಲ್ಪಟ್ಟು ಹೆಸರನ್ನೂ ಕಳೆದುಕೊಂಡವರ ಆಟ. ಇಂಥವರು ದೇಶದ ರಾಜಧಾನಿಯಲ್ಲಿ, ಜನಸ್ತೋಮದ ಎದುರಿನಲ್ಲಿ, ತಲೆಯೆತ್ತಿ ಆಡಿದರೆಂಬುದೇ ಅಂದಿನ ನಿಜವಾದ ಫಲಿತಾಂಶ. ನಾಲ್ಕು ದೇಶಗಳ ಕೂಟವನ್ನು ವಿಶ್ವಕಪ್ ಎನ್ನಬಹುದೇ ಎಂದು ಕೆಲವರು ನಗುವುದುಂಟು. ಭೂಪಟದಲ್ಲಿ ಅದು ಆವರಿಸಿದ ಜಾಗ ಕಿರಿದೇ ಸರಿ. ಆದರೆ ಒಂದು ಪಂದ್ಯಾವಳಿಯ ಹಿರಿಮೆಯನ್ನು ಬಂದ ದೇಶಗಳ ಎಣಿಕೆಯಿಂದ ಮಾತ್ರ ಅಳೆಯಲಾಗದು. ಬಂದವರು ಯಾವ ದಾರಿಯನ್ನು ತುಳಿದು ಬಂದರೆಂಬುದನ್ನೂ ನೋಡಬೇಕು.

ಬಾರಿಯೇರ್ ನೀಡಿದ ಕಪ್ಪಿನ ಕಥೆಯೂ ಇದನ್ನೇ ಹೋಲುತ್ತದೆ. 1970ರಲ್ಲಿ ಇಂಗ್ಲೆಂಡಿನ ಬ್ರಾಡ್‌ಫರ್ಡ್ ನಗರದ ಹೋಟೆಲೊಂದರಿಂದ ಅದು ಕಳವಾಯಿತು. ಇಪ್ಪತ್ತು ವರ್ಷಗಳ ಬಳಿಕ ಅದೇ ನಗರದಲ್ಲಿ, ಯಾರೋ ಬಿಸಾಡಿದ ಕಸದ ನಡುವೆ ದೊರೆಯಿತು. ತೊಳೆದು ಸರಿಪಡಿಸಿದ ಮೇಲೆ ಮತ್ತೆ ವಿಜೇತರ ಕೈಸೇರಿತು.

ನಮ್ಮ ಶಾಲೆಯ ಬಯಲಿನಲ್ಲಿಯೂ ಆಟದ ಹೊತ್ತಿಗೆ ಅಂಚಿನಲ್ಲಿ ನಿಂತು ನೋಡುವ ಗೆಳೆಯರು ಇರುತ್ತಾರೆ. ಒಬ್ಬನಿಗೆ ಮನೆಯ ದುಡಿಮೆ ಕಾದಿರುತ್ತದೆ. ಇನ್ನೊಬ್ಬಳನ್ನು ಯಾರೂ ಕರೆದಿರುವುದಿಲ್ಲ. ಅವರಿಗೆ ಆಟದಲ್ಲಿ ಆಸಕ್ತಿಯಿಲ್ಲವೆಂದು ತೀರ್ಮಾನಿಸುವುದು ಸುಲಭ. ಹಡರ್ಸ್‌ಫೀಲ್ಡಿನ ಕಾರ್ಮಿಕರನ್ನು ಕುರಿತು ಅಂದಿನ ದೊಡ್ಡವರೂ ಇಂತಹ ಸುಲಭವಾದ ತೀರ್ಮಾನಕ್ಕೇ ಬಂದಿದ್ದರು. ನಾವು ಹಾಗೆ ಮಾಡದೆ, ಅವರು ಅಂಚಿನಲ್ಲಿ ನಿಂತಿರುವುದೇಕೆಂದು ಕೇಳಿ ತಿಳಿಯೋಣ; ಬಳಿಕ ಆಟಕ್ಕೆ ಕರೆಯೋಣ.