ವಾರ್ಷಿಕೋತ್ಸವದ ನಾಟಕ: ದನಿ ಮಕ್ಕಳದ್ದೇ ಇರಲಿ

ದೀಪಾವಳಿ ಕಳೆದು ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುವ ಹೊತ್ತಿಗೆ ನಮ್ಮ ಪ್ರೌಢಶಾಲೆಗಳಲ್ಲೂ ವಾರ್ಷಿಕೋತ್ಸವದ ತಯಾರಿ ಶುರುವಾಗುತ್ತದೆ. ಬೋಧನಾಭ್ಯಾಸಕ್ಕೆ ಹೋದ ಪ್ರಶಿಕ್ಷಣಾರ್ಥಿಗಳು ಆ ದಿನಗಳಲ್ಲಿ ಶಾಲೆಯಲ್ಲೇ ಇದ್ದರೆ ಒಂದು ನಾಟಕ, ಒಂದು ರೂಪಕ ನೃತ್ಯ ಅವರ ಪಾಲಿಗೆ ಬರುವುದು ಸಾಮಾನ್ಯ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಶಾಲೆಗಳಿಗೆ ಪಾಠ ವೀಕ್ಷಣೆಗೆ ಹೋಗುವ ನಾನು ಸಂಜೆಯ ತಾಲೀಮನ್ನೂ ಕುಳಿತು ನೋಡುವುದುಂಟು. ಹಾಗೆ ನೋಡಿದ್ದರಿಂದ ಹುಟ್ಟಿದ ಒಂದು ಅಭಿಪ್ರಾಯವನ್ನು ಇಲ್ಲಿ ಹೇಳಬೇಕೆನಿಸಿದೆ.

ಬಂಟ್ವಾಳ ತಾಲೂಕಿನ ಒಂದು ಶಾಲೆಯಲ್ಲಿ ಐತಿಹಾಸಿಕ ನಾಟಕದ ತಾಲೀಮು ನಡೆದಿತ್ತು. ಸಂಭಾಷಣೆಯೆಲ್ಲ ಮೊದಲೇ ಧ್ವನಿಮುದ್ರಣವಾಗಿತ್ತು. ರಾಜನಾಗಿದ್ದ ಒಂಬತ್ತನೆಯ ತರಗತಿಯ ಹುಡುಗ ಕೈ ಎತ್ತಿ, ಎದೆ ಉಬ್ಬಿಸಿ, ಚೆನ್ನಾಗಿಯೇ ತುಟಿ ಆಡಿಸುತ್ತಿದ್ದ. ನಡುವೆ ಕರೆಂಟ್ ಹೋಯಿತು. ಸಭೆ, ಸೇನಾಪತಿ, ದೂತ ಎಲ್ಲರೂ ಇದ್ದಲ್ಲೇ ನಿಂತರು. "ನೀನೇ ಮುಂದಿನ ಮಾತು ಹೇಳು ಮಾರಾಯ" ಎಂದೆ. ಅವನು ನಾಚಿಕೊಂಡು, "ಸರ್, ನನಗೆ ಬಾಯಿ ಆಡಿಸಲಿಕ್ಕೆ ಮಾತ್ರ ಗೊತ್ತು" ಎಂದ.

ಈ ಮಾತು ನನ್ನನ್ನು ಚುಚ್ಚಿದ್ದಕ್ಕೆ ಕಾರಣವಿದೆ. ನಾನು ಪ್ರಶಿಕ್ಷಣಾರ್ಥಿಯಾಗಿದ್ದಾಗ ಮಾಡಿಸಿದ ನಾಟಕದಲ್ಲೂ ಮೂರು ಪಾತ್ರಗಳ ದನಿ ನನ್ನದೇ ಆಗಿತ್ತು. ಎಲ್ಲರೂ ಹೊಗಳಿದರು. ಆದರೆ ಅವರು ಹೊಗಳಿದ ಉಚ್ಚಾರಣೆ ಮಕ್ಕಳದ್ದಾಗಿರಲಿಲ್ಲ.

ಧ್ವನಿಮುದ್ರಣಕ್ಕೆ ಕಾರಣಗಳಿಲ್ಲವೆಂದಲ್ಲ. ಮೈದಾನದಲ್ಲಿ ನೂರಾರು ಜನ, ಮೈಕಿನ ವ್ಯವಸ್ಥೆ ಅಷ್ಟಕ್ಕಷ್ಟೆ, ಮಕ್ಕಳು ಮಾತು ಮರೆತರೆ ಶಾಲೆಯ ಮರ್ಯಾದೆಯ ಪ್ರಶ್ನೆ. ಆಳ್ವಾಸ್ ವಿರಾಸತ್‌ನಂಥ ದೊಡ್ಡ ವೇದಿಕೆಗಳನ್ನು ನೋಡಿದ ಹೆತ್ತವರ ನಿರೀಕ್ಷೆಯೂ ದೊಡ್ಡದು. ಇವೆಲ್ಲ ನಿಜ. ಆದರೆ ಈ ನೆಲದಲ್ಲಿ ನಿಂತು ಈ ವಾದ ಮಾಡುವಾಗ ಸ್ವಲ್ಪ ಯೋಚಿಸಬೇಕು. ಯಕ್ಷಗಾನದ ಪ್ರಸಂಗ ಪುಸ್ತಕದಲ್ಲಿ ಇರುವುದು ಪದ್ಯಗಳು; ಮಾತನ್ನು ಕಟ್ಟುವವನು ಕಲಾವಿದ. ತಾಳಮದ್ದಳೆಯಲ್ಲಂತೂ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿ ಕುಳಿತಲ್ಲೇ ಕೃಷ್ಣನಾಗುತ್ತಾನೆ, ಕೌರವನಾಗುತ್ತಾನೆ. ಬರಿಯ ಮಾತಿನಿಂದ ರಾತ್ರಿ ಬೆಳಗು ಮಾಡಿದ ಊರುಗಳಲ್ಲಿ ನಮ್ಮ ಮಕ್ಕಳು ಬೇರೆಯವರ ದನಿಗೆ ತುಟಿ ಜೋಡಿಸುತ್ತಿದ್ದಾರೆ.

ಬಿ.ವಿ. ಕಾರಂತರು ಬಂಟ್ವಾಳ ತಾಲೂಕಿನ ಮಂಚಿಯವರು. ಅವರ ಮಕ್ಕಳ ನಾಟಕ 'ಪಂಜರ ಶಾಲೆ'ಗೆ ಮೂಲ ರವೀಂದ್ರನಾಥ ಟಾಗೋರರ ಗಿಳಿಯ ಕತೆ. ಆ ಕತೆಯಲ್ಲಿ ಗಿಳಿಗೆ ವಿದ್ಯೆ ಕಲಿಸಲು ಚಿನ್ನದ ಪಂಜರ ಬರುತ್ತದೆ, ಪಂಡಿತರು ಬರುತ್ತಾರೆ, ಪುಸ್ತಕದ ರಾಶಿ ಬರುತ್ತದೆ. ಗಿಳಿಯ ಹಾಡು ಮಾತ್ರ ನಿಂತುಹೋಗುತ್ತದೆ. ಬಾಡಿಗೆ ಕಿರೀಟ, ಬಣ್ಣದ ದೀಪ, ಹೊಗೆಯಂತ್ರದ ನಡುವೆ ತುಟಿ ಆಡಿಸುವ ಮಗುವನ್ನು ಕಂಡಾಗ ನನಗೆ ಆ ಗಿಳಿಯ ನೆನಪಾಗುತ್ತದೆ.

ಹಾಗಾದರೆ ಬೇರೆ ದಾರಿ ಏನು? ಬೆಳ್ತಂಗಡಿ ತಾಲೂಕಿನ ಒಂದು ಶಾಲೆಯಲ್ಲಿ ನಮ್ಮ ಪ್ರಶಿಕ್ಷಣಾರ್ಥಿಗಳು ಮಾಡಿ ನೋಡಿದ್ದನ್ನು ಹೇಳುತ್ತೇನೆ. ಅವರು ಲಿಖಿತ ನಾಟಕ ಕೊಡಲಿಲ್ಲ, ಒಂದು ಸನ್ನಿವೇಶ ಕೊಟ್ಟರು: ಮಳೆಗಾಲದಲ್ಲಿ ಕಾಲುಸಂಕ ಕೊಚ್ಚಿಹೋಗಿದೆ, ಆಚೆ ದಡದ ಮಕ್ಕಳು ಶಾಲೆಗೆ ಬರಬೇಕು. ಮೊದಲ ವಾರ ಮಕ್ಕಳು ಮನೆಮಾತಿನಲ್ಲೇ ಆಡಿದರು. ತುಳು, ಬ್ಯಾರಿ, ಮಲಯಾಳ ಎಲ್ಲವೂ ಬಂತು. ಎರಡನೆಯ ವಾರ ತಮ್ಮ ಮಾತನ್ನು ತಾವೇ ಕನ್ನಡಕ್ಕೆ ತಂದು ನೋಟ್‌ಬುಕ್ಕಿನಲ್ಲಿ ಬರೆದರು. ಅಜ್ಜಿಯ ಪಾತ್ರವನ್ನು ತುಳುವಿನಲ್ಲೇ ಉಳಿಸಿಕೊಂಡರು. ವೇದಿಕೆಯಲ್ಲಿ ಎರಡು ಮೈಕ್ ನಿಲ್ಲಿಸಿ, ಮಾತಾಡುವವರು ಅದರ ಹತ್ತಿರ ಬರುವಂತೆ ನಡೆಯನ್ನು ಹೊಂದಿಸಿದರು.

ನಾಟಕ ನಡೆದದ್ದು 12 ನಿಮಿಷ. ಹಿಂದಿನ ಸಾಲಿನವರಿಗೆ ಕೆಲವು ಮಾತು ಕೇಳಿಸಲಿಲ್ಲ, ಒಬ್ಬರು ಹೆತ್ತವರು ನನ್ನ ಬಳಿ ಬಂದು ಆಕ್ಷೇಪಿಸಿದರು ಕೂಡ. ನಡುವೆ ಒಬ್ಬ ಹುಡುಗ ಮಾತು ಮರೆತ. ಪಕ್ಕದ ಹುಡುಗಿ ತಡಮಾಡದೆ, "ಅಣ್ಣ ಹೆದರಿದ್ದಾನೆ, ಅವನದ್ದೂ ನಾನೇ ಹೇಳ್ತೇನೆ" ಎಂದಳು. ಸಭೆ ನಕ್ಕಿತು, ನಾಟಕ ಮುಂದೆ ಹೋಯಿತು. ಕನ್ನಡ ಪಾಠದಲ್ಲಿ ತಡವರಿಸಿ ಓದುತ್ತಿದ್ದ ಹುಡುಗಿ ಅವಳು. ಒಂದು ನಾಟಕದಿಂದ ಅವಳ ಓದು ಸರಿಹೋಯಿತು ಎಂದು ನಾನು ಹೇಳಲಾರೆ. ಆದರೆ ಅಂದು ಅವಳು ಆಡಿದ ಮಾತನ್ನು ಯಾವ ಧ್ವನಿಮುದ್ರಣವೂ ಕೊಡುತ್ತಿರಲಿಲ್ಲ.

ರೂಪಕ ನೃತ್ಯದ ಕತೆಯೂ ಇದೇ. ಮೂಡುಬಿದಿರೆ ಕಡೆಯ ಒಂದು ಶಾಲೆಯಲ್ಲಿ 'ರೈತ' ಎಂಬ ವಿಷಯದ ನೃತ್ಯ ನೋಡಿದೆ. ಮೊಬೈಲಿನಲ್ಲಿ ಕಂಡ ಸಿನಿಮಾ ಹೆಜ್ಜೆಗಳೇ ಎಲ್ಲ. ನೃತ್ಯ ತರಗತಿಗೆ ಹೋಗುವ ಮಕ್ಕಳು ಮುಂದಿನ ಸಾಲಿನಲ್ಲಿ, ಉಳಿದವರು ಹಿಂದೆ. ಆ ಹಿಂದಿನ ಸಾಲಿನಲ್ಲಿ ಮನೆಯಲ್ಲಿ ಅಡಿಕೆ ಸುಲಿಯುವವರು, ತಾಯಿಯ ಜೊತೆ ಬೀಡಿ ಕಟ್ಟುವವರು, ನೇಜಿ ನೆಟ್ಟು ಗೊತ್ತಿರುವವರು ಇದ್ದರು. ದುಡಿಮೆಯ ಲಯ ಅವರ ಕೈಯಲ್ಲೇ ಇತ್ತು. ಆ ಕೈಗಳಿಂದ ನೃತ್ಯ ಶುರುವಾಗಿದ್ದರೆ ಮುಂದಿನ ಸಾಲು ಯಾರದ್ದಾಗುತ್ತಿತ್ತು?

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸಂಗೀತ, ನೃತ್ಯ, ದೃಶ್ಯಕಲೆ, ನಾಟಕಗಳಿಗೆ ಶಾಲೆಯ ಎಲ್ಲ ಹಂತಗಳಲ್ಲೂ ಜಾಗ ಕೊಡಬೇಕೆಂದಿತು. ಎನ್.ಸಿ.ಟಿ.ಇ.ಯ 2014ರ ನಿಯಮಾವಳಿಯ ನಂತರ ಬಂದ ಎರಡು ವರ್ಷದ ಬಿ.ಇಡ್.ನಲ್ಲಿ 'ಶಿಕ್ಷಣದಲ್ಲಿ ನಾಟಕ ಮತ್ತು ಕಲೆ' ಎಂಬ ಪತ್ರಿಕೆಯೂ ಸೇರಿತು. ನಾವು ಅದನ್ನು ಕಾಲೇಜಿನಲ್ಲಿ ಕಲಿಸಿ, ಅಂಕ ಕೊಟ್ಟು ಮುಗಿಸುತ್ತೇವೆ. ಶಾಲೆಯ ವಾರ್ಷಿಕೋತ್ಸವವನ್ನು ಮಾತ್ರ ಪಾಠದ ಹೊರಗಿನ ಗದ್ದಲವೆಂದು ಭಾವಿಸುತ್ತೇವೆ. ಪ್ರಶಿಕ್ಷಣಾರ್ಥಿಯ ದಾಖಲೆ ಪುಸ್ತಕದಲ್ಲಿ ಅದಕ್ಕೆ ಒಂದು ಪುಟವೂ ಇರುವುದಿಲ್ಲ.

ಇದನ್ನು ನಾವೇ ಸರಿಪಡಿಸಬಹುದು. ನಾಟಕ ಮಾಡಿಸುವ ಪ್ರಶಿಕ್ಷಣಾರ್ಥಿ ಅದಕ್ಕೂ ಪಾಠಯೋಜನೆ ಬರೆಯಲಿ: ಯಾವ ಮಗು ಎಷ್ಟು ಮಾತಾಡುತ್ತದೆ, ಆ ಮಾತು ಯಾರದು, ಮನೆಮಾತಿಗೆ ಜಾಗವೆಲ್ಲಿ, ಪ್ರತಿ ಮಗುವಿಗೆ ತಗಲುವ ವೆಚ್ಚವೆಷ್ಟು. ವೀಕ್ಷಣೆಗೆ ಹೋಗುವ ನಾವೂ ಒಂದು ತಾಲೀಮನ್ನು ಪಾಠದಷ್ಟೇ ಶ್ರದ್ಧೆಯಿಂದ ನೋಡಿ ಟಿಪ್ಪಣಿ ಬರೆಯೋಣ.

ಈ ವರ್ಷ ಶಾಲೆಗೆ ಹೊರಟಿರುವ ಪ್ರಶಿಕ್ಷಣಾರ್ಥಿ ಮಿತ್ರರಲ್ಲಿ ನನ್ನ ಕೋರಿಕೆ ಇಷ್ಟೆ: ನಾಟಕ ನಿಮ್ಮ ಪಾಲಿಗೆ ಬಂದರೆ ಮೊದಲ ದಿನದ ತಾಲೀಮನ್ನು ಕರೆಂಟ್ ಇಲ್ಲದೆ ಮಾಡಿ.